ಎರಡು ಕೈಗಳ ನಡುವಿನ ದಾರ: ಪ್ರೋಟೀನ್ ತೆಗೆದುಹಾಕುವ ಔಷಧಿಯಲ್ಲಿ ಕೊಂಡಿ ಮಾಡುವ ಕೆಲಸ

2025ರ ಮೇ ಕೊನೆಯಲ್ಲಿ ಅಮೆರಿಕದ ಕ್ಯಾನ್ಸರ್ ವೈದ್ಯರ ವಾರ್ಷಿಕ ಸಮ್ಮೇಳನದಲ್ಲಿ ವೆಪ್‌ಡೆಜೆಸ್ಟ್ರಾಂಟ್ ಎಂಬ ಮಾತ್ರೆಯ ಮೂರನೇ ಹಂತದ ಪರೀಕ್ಷೆಯ ಫಲಿತಾಂಶ ಹೊರಬಿತ್ತು. ಸ್ತನ ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡಿ, ಮೊದಲು ಕೊಟ್ಟ ಹಾರ್ಮೋನ್ ಚಿಕಿತ್ಸೆಗೆ ಬಗ್ಗದೆ ಹೋದ 624 ಜನ ಆ ಪರೀಕ್ಷೆಯಲ್ಲಿದ್ದರು. ಅರ್ಧದಷ್ಟು ಮಂದಿಗೆ ಈ ಮಾತ್ರೆ, ಉಳಿದವರಿಗೆ ಬಹಳ ವರ್ಷಗಳಿಂದ ಬಳಕೆಯಲ್ಲಿರುವ ಫುಲ್‌ವೆಸ್ಟ್ರಾಂಟ್ ಚುಚ್ಚುಮದ್ದು. ಗೆಡ್ಡೆಯಲ್ಲಿ ಇಎಸ್‌ಆರ್1 ಎಂಬ, ಈಸ್ಟ್ರೋಜನ್ ಹಾರ್ಮೋನನ್ನು ಹಿಡಿಯುವ ಪ್ರೋಟೀನಿನ ಜೀನ್ ಬದಲಾಗಿದ್ದವರಲ್ಲಿ ರೋಗ ಮುಂದುವರಿಯದೆ ನಿಂತ ಅವಧಿ ಚುಚ್ಚುಮದ್ದಿನಲ್ಲಿ ಸುಮಾರು 2.1 ತಿಂಗಳಾದರೆ ಮಾತ್ರೆಯಲ್ಲಿ 5 ತಿಂಗಳು. ಎಲ್ಲ ರೋಗಿಗಳನ್ನೂ ಒಟ್ಟಿಗೆ ತೆಗೆದುಕೊಂಡಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಇಷ್ಟಾದರೂ ಇದು ದೊಡ್ಡ ಸುದ್ದಿಯಾಯಿತು. ಈ ಮಾತ್ರೆ ‘ಪ್ರೋಟ್ಯಾಕ್’ ಎಂಬ ಹೊಸ ಜಾತಿಯದು. ಆ ಜಾತಿಯ ಔಷಧಿಯೊಂದು ಮೂರನೇ ಹಂತದ ಪರೀಕ್ಷೆಯನ್ನು ಮುಟ್ಟಿದ್ದು ಇದೇ ಮೊದಲು. ಪ್ರೋಟ್ಯಾಕ್ ಅಂದರೆ ಎರಡು ತುದಿಗಳಿರುವ, ನಡುವೆ ಒಂದು ಕೊಂಡಿಯಿರುವ ಅಣು. ತುದಿಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಡುವಿನ ಕೊಂಡಿಗೆ ಒಂದು ಸಾಲು ಸಿಕ್ಕರೆ ಹೆಚ್ಚು. ರಸಾಯನಶಾಸ್ತ್ರದವರು ‘ಲಿಂಕರ್’ ಎಂದು ಕರೆಯುವ ಈ ಕೊಂಡಿಯನ್ನು ಅರ್ಥ ಮಾಡಿಕೊಳ್ಳದೆ ಈ ಔಷಧಿಗಳು ಹೇಗೆ ಹುಟ್ಟುತ್ತವೆ ಎನ್ನುವುದು ಅರ್ಥವಾಗುವುದಿಲ್ಲ. ಹಾಗಾಗಿ ಈ ಲೇಖನ ಪೂರ್ತಿ ಕೊಂಡಿಯ ಮೇಲೆಯೇ. ಆದರೆ ಅಲ್ಲಿಗೆ ಹೋಗುವ ಮೊದಲು ಎರಡು ಮೆಟ್ಟಿಲು ಹತ್ತಬೇಕು.

ತಡೆಯುವುದು ಬೇರೆ, ತೆಗೆಯುವುದು ಬೇರೆ

ನಮ್ಮ ಜೀವಕೋಶದ ಬಹುಪಾಲು ಕೆಲಸ ಮಾಡುವುದು ಪ್ರೋಟೀನುಗಳು. ಬೇಳೆಕಾಳಿನಲ್ಲಿ ಇರುವ ಪ್ರೋಟೀನ್ ಎಂದಷ್ಟೇ ನೆನೆಯಬೇಡಿ. ಇಲ್ಲಿ ಪ್ರೋಟೀನ್ ಅಂದರೆ ನಿರ್ದಿಷ್ಟ ಆಕಾರಕ್ಕೆ ಮಡಚಿಕೊಂಡ, ನಿರ್ದಿಷ್ಟ ಕೆಲಸವಿರುವ ಪುಟ್ಟ ಯಂತ್ರ. ಯಂತ್ರ ಕೆಟ್ಟು ಅತಿಯಾಗಿ ಓಡತೊಡಗಿದರೆ ಕ್ಯಾನ್ಸರಿನಂಥ ರೋಗ ಬರಬಹುದು.

ಈಗ ನಾವು ನುಂಗುವ ಔಷಧಿಗಳಲ್ಲಿ ಹೆಚ್ಚಿನವು ಇಂಥ ಯಂತ್ರದ ಸಂದಿಯೊಂದರಲ್ಲಿ ಹೋಗಿ ಕೂರುತ್ತವೆ. ಇಳಿಜಾರಿನಲ್ಲಿ ನಿಂತ ಗಾಡಿಯ ಚಕ್ರಕ್ಕೆ ಕಲ್ಲು ಕೊಟ್ಟ ಹಾಗೆ. ಕಲ್ಲು ಇರುವಷ್ಟು ಹೊತ್ತು ಚಕ್ರ ನಿಲ್ಲುತ್ತದೆ, ಕಲ್ಲು ಜಾರಿದರೆ ಮತ್ತೆ ಉರುಳುತ್ತದೆ. ಆದ್ದರಿಂದ ಔಷಧಿ ಸದಾ ಸಾಕಷ್ಟು ಪ್ರಮಾಣದಲ್ಲಿ ದೇಹದಲ್ಲಿ ಇರಬೇಕು. ಇನ್ನೊಂದು ತೊಂದರೆಯೂ ಇದೆ. ಎಷ್ಟೋ ಪ್ರೋಟೀನುಗಳಲ್ಲಿ ಕಲ್ಲು ಕೊಡಲು ಸರಿಯಾದ ಸಂದಿಯೇ ಇರುವುದಿಲ್ಲ. ಇನ್ನು ಕೆಲವದರಲ್ಲಿ ಸಂದಿಯಿದ್ದರೂ ಅಲ್ಲಿ ಕೂತದ್ದರಿಂದ ಕೆಲಸ ನಿಲ್ಲುವುದಿಲ್ಲ.

ಪ್ರೋಟ್ಯಾಕ್‌ನ ದಾರಿ ಬೇರೆ. ಅದು ಗಾಡಿಯನ್ನೇ ಅಲ್ಲಿಂದ ಇಲ್ಲವಾಗಿಸುತ್ತದೆ. ಅದೂ ಸ್ವಂತ ಬಲದಿಂದಲ್ಲ, ಜೀವಕೋಶದಲ್ಲಿ ಮೊದಲಿನಿಂದಲೂ ಇರುವ ಒಂದು ವ್ಯವಸ್ಥೆಯನ್ನು ಬಳಸಿಕೊಂಡು.

ಜೀವಕೋಶ ಹಾಕುವ ಕೆಂಪು ಗುರುತು

ರಸ್ತೆ ಅಗಲ ಮಾಡುವಾಗ ಕೆಡವಬೇಕಾದ ಕಟ್ಟಡದ ಗೋಡೆಗೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋಗುವುದನ್ನು ನೋಡಿದ್ದೀರಿ. ಗುರುತು ಹಾಕುವವರು ಬೇರೆ, ಆಮೇಲೆ ಬಂದು ಕೆಡವುವ ಯಂತ್ರ ಬೇರೆ. ಜೀವಕೋಶದಲ್ಲೂ ಹೀಗೆಯೇ. ಹಳೆಯದಾದ, ಕೆಟ್ಟ, ಕೆಲಸ ಮುಗಿದ ಪ್ರೋಟೀನುಗಳಿಗೆ ಯುಬಿಕ್ವಿಟಿನ್ ಎಂಬ ಗುರುತು ಅಂಟುತ್ತದೆ. ಯುಬಿಕ್ವಿಟಿನ್ ಕೂಡ 76 ಅಮೈನೊ ಆಮ್ಲಗಳ ಒಂದು ಸಣ್ಣ ಪ್ರೋಟೀನೇ. ಅದು ಒಂದರ ಬೆನ್ನಿಗೆ ಒಂದು ಸರದಂತೆ ಅಂಟಿಕೊಂಡಾಗ ಪ್ರೋಟಿಯಾಸೋಮ್ ಎಂಬ ಪೀಪಾಯಿ ಆಕಾರದ ಯಂತ್ರ ಆ ಪ್ರೋಟೀನನ್ನು ಹಿಡಿಯುತ್ತದೆ, ಮಡಿಕೆ ಬಿಚ್ಚುತ್ತದೆ, ಗಾಣಕ್ಕೆ ಕಬ್ಬು ಕೊಟ್ಟಂತೆ ಒಂದು ಬದಿಯಿಂದ ಎಳೆದುಕೊಂಡು ತುಂಡು ತುಂಡು ಮಾಡುತ್ತದೆ. ತುಂಡುಗಳಿಂದ ಸಿಗುವ ಅಮೈನೊ ಆಮ್ಲಗಳು ಹೊಸ ಪ್ರೋಟೀನ್ ಕಟ್ಟಲು ಮತ್ತೆ ಬಳಕೆಯಾಗುತ್ತವೆ. ಈ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ್ದಕ್ಕೆ ಆರನ್ ಸಿಯೆಹಾನೊವರ್, ಅವ್ರಾಮ್ ಹೆರ್ಶ್ಕೊ, ಇರ್ವಿನ್ ರೋಸ್ ಅವರಿಗೆ 2004ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಯಾವ ಪ್ರೋಟೀನಿಗೆ ಗುರುತು ಬೀಳಬೇಕು ಎಂದು ಆರಿಸುವುದು ‘ಇ3 ಲೈಗೇಸ್’ ಎಂಬ ಗುಂಪಿನ ಪ್ರೋಟೀನುಗಳು. ಮನುಷ್ಯನಲ್ಲಿ ಇವು 600ಕ್ಕೂ ಹೆಚ್ಚಿವೆ. ಒಂದೊಂದಕ್ಕೂ ತಾನು ಗುರುತು ಹಾಕಬೇಕಾದ ಪ್ರೋಟೀನುಗಳ ಪಟ್ಟಿ ಇರುತ್ತದೆ. ರೋಗ ತರುವ ಪ್ರೋಟೀನನ್ನು ಆ ಪಟ್ಟಿಗೆ ನಾವೇ ಸೇರಿಸಿಬಿಟ್ಟರೆ?

ಎರಡು ಕೈ, ಒಂದು ದಾರ

2001ರಲ್ಲಿ ಅಮೆರಿಕದ ಕ್ರೇಗ್ ಕ್ರೂಸ್, ರೇಮಂಡ್ ಡೆಶೈಸ್ ಮತ್ತು ಕ್ಯಾಥ್ಲೀನ್ ಸಾಕಾಮೊಟೊ ಸೇರಿ ಇದನ್ನು ಮಾಡಿ ತೋರಿಸಿದರು. ಅವರು ಕಟ್ಟಿದ ಅಣುವಿನ ಒಂದು ತುದಿ ಬೇಟೆಯ, ಅಂದರೆ ತೆಗೆದುಹಾಕಬೇಕಾದ, ಪ್ರೋಟೀನನ್ನು ಹಿಡಿಯುತ್ತಿತ್ತು, ಇನ್ನೊಂದು ತುದಿ ಇ3 ಲೈಗೇಸನ್ನು. ಎರಡೂ ಹತ್ತಿರ ಬಂದಾಗ ಇ3 ಆ ಹೊಸಬನಿಗೂ ಗುರುತು ಹಾಕಿತು. ಪ್ರಯೋಗ ನಡೆದದ್ದು ಕಪ್ಪೆ ಮೊಟ್ಟೆಯಿಂದ ತೆಗೆದ ದ್ರವದಲ್ಲಿ. ಆ ಮೊದಲ ಅಣುವಿನ ಒಂದು ತುದಿ ಪೆಪ್ಟೈಡ್, ಅಂದರೆ ಪ್ರೋಟೀನಿನದೇ ಚಿಕ್ಕ ತುಂಡು. ಅಂಥದ್ದು ಜೀವಕೋಶದ ಪೊರೆ ದಾಟಿ ಒಳಹೋಗುವುದು ಕಷ್ಟ. ಎರಡೂ ತುದಿಗಳು ಔಷಧಿಯಂಥ ಸಣ್ಣ ಅಣುಗಳೇ ಆಗಿರುವ ಪ್ರೋಟ್ಯಾಕ್ ಬಂದದ್ದು 2008ರಲ್ಲಿ.

2010ರಲ್ಲಿ ಜಪಾನಿನ ವಿಜ್ಞಾನಿಗಳು ಥಾಲಿಡೋಮೈಡ್ ದೇಹದಲ್ಲಿ ಯಾವುದಕ್ಕೆ ಅಂಟುತ್ತದೆ ಎಂದು ಕಂಡುಹಿಡಿದರು. 1950ರ ದಶಕದ ಕೊನೆಯಲ್ಲಿ ಬಸುರಿಯರ ವಾಕರಿಕೆಗೆಂದು ಬಳಸಿ, ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಲು ಕಾರಣವಾದ ಔಷಧಿ ಅದು. ಅದು ಅಂಟುವುದು ಸೆರೆಬ್ಲಾನ್ ಎಂಬ ಪ್ರೋಟೀನಿಗೆ. ಸೆರೆಬ್ಲಾನ್ ಒಂದು ಇ3 ಲೈಗೇಸಿನ ಭಾಗ. ಅಷ್ಟು ನೋವು ಕೊಟ್ಟ ಅಣುವಿನ ತುಣುಕೇ ಇಂದು ಎಷ್ಟೋ ಪ್ರೋಟ್ಯಾಕ್‌ಗಳ ಒಂದು ಕೈಯಾಗಿದೆ. ಇ3 ಹಿಡಿಯಲು ಹೆಚ್ಚಾಗಿ ಬಳಸುವ ಇನ್ನೊಂದು ಕೈ ವಿಎಚ್‌ಎಲ್ ಎಂಬ ಪ್ರೋಟೀನಿಗೆ ಅಂಟುವಂಥದು.

ಪ್ರೋಟ್ಯಾಕ್ ಮಾಡುವ ಕೆಲಸ ಸಂಬಂಧ ಕುದುರಿಸುವವರ ಕೆಲಸದಂತೆ. ಎರಡು ಮನೆಯವರನ್ನು ಒಂದೆಡೆ ಕೂರಿಸಿ, ಮಾತು ಮುಗಿದ ಮೇಲೆ ಅವರು ಮುಂದಿನ ಮನೆಗೆ ಹೊರಡುತ್ತಾರೆ. ಹಾಗೆಯೇ ಬೇಟೆ ನಾಶವಾದರೂ ಪ್ರೋಟ್ಯಾಕ್ ನಾಶವಾಗುವುದಿಲ್ಲ, ಬಿಡಿಸಿಕೊಂಡು ಇನ್ನೊಂದು ಪ್ರೋಟೀನಿನ ಬಳಿ ಹೋಗುತ್ತದೆ. ಒಂದೇ ಅಣು ಹಲವು ಪ್ರೋಟೀನುಗಳನ್ನು ಮುಗಿಸಬಲ್ಲದು, ಆದ್ದರಿಂದ ಕಡಿಮೆ ಪ್ರಮಾಣವೂ ಸಾಕಾಗಬಹುದು. ಹೆಚ್ಚು ಕೊಟ್ಟರೆ ಹೆಚ್ಚು ಕೆಲಸ ಎಂಬ ಲೆಕ್ಕವೂ ಇಲ್ಲಿ ನಡೆಯುವುದಿಲ್ಲ. ಊರಲ್ಲಿ ಸಂಬಂಧ ಕುದುರಿಸುವವರೇ ಅತಿಯಾದರೆ ಹೆಣ್ಣಿನ ಮನೆಯವರು ಒಬ್ಬರ ಜೊತೆ, ಗಂಡಿನ ಮನೆಯವರು ಇನ್ನೊಬ್ಬರ ಜೊತೆ ಮಾತಿಗೆ ಕೂತು, ಎರಡು ಮನೆಯವರು ಭೇಟಿಯಾಗುವುದೇ ಇಲ್ಲ. ಪ್ರೋಟ್ಯಾಕ್ ಅತಿಯಾದಾಗ ಪ್ರತಿ ಬೇಟೆಗೂ ಒಂದು, ಪ್ರತಿ ಇ3ಗೂ ಬೇರೊಂದು ಅಂಟಿಕೊಂಡು ಒಡೆಯುವ ಕೆಲಸ ಕುಸಿಯುತ್ತದೆ. ಇದಕ್ಕೆ ‘ಹುಕ್ ಎಫೆಕ್ಟ್’ ಎನ್ನುತ್ತಾರೆ.

ಎಷ್ಟು ಉದ್ದದ ದಾರ? ಕಟ್ಟುವುದು ಎಲ್ಲಿಗೆ?

ಈಗ ಕೊಂಡಿಗೆ ಬರೋಣ. ಮೊದಮೊದಲು ಅದು ಎರಡು ತುದಿಗಳನ್ನು ಬಿಡದೆ ಹಿಡಿದಿಡುವ ದಾರ, ಅಷ್ಟೇ ಎಂದುಕೊಂಡಿದ್ದರು. ಹಾಗಾಗಿ ಸುಲಭವಾಗಿ ಸಿಗುವ, ಬಳುಕುವ ಎರಡು ಬಗೆಯ ದಾರ ಬಳಕೆಗೆ ಬಂದವು.

ಒಂದು, ಆಲ್ಕೈಲ್ ಸರಪಳಿ: ಇಂಗಾಲದ ಪರಮಾಣುಗಳು ಒಂದರ ಪಕ್ಕ ಒಂದು ಸಾಲಾಗಿ. ಎಣ್ಣೆಯ ಸ್ವಭಾವ, ನೀರಿಗೆ ಒಗ್ಗದು. ಇನ್ನೊಂದು, ಪೆಗ್: ಎರಡು ಇಂಗಾಲ, ಒಂದು ಆಮ್ಲಜನಕ, ಮತ್ತೆ ಎರಡು ಇಂಗಾಲ, ಒಂದು ಆಮ್ಲಜನಕ. ಪಾಲಿಎಥಿಲೀನ್ ಗ್ಲೈಕಾಲ್ ಎನ್ನುವುದು ಇದರ ಪೂರ್ತಿ ಹೆಸರು. ಮಲಬದ್ಧತೆಗೆ ನೀರಿನಲ್ಲಿ ಕದಡಿ ಕುಡಿಯಲು ಕೊಡುವ ಪುಡಿಯಲ್ಲಿ ಇದರದೇ ಬಹಳ ಉದ್ದದ ಸರಪಳಿ ಇರುತ್ತದೆ. ನಡುನಡುವಿನ ಆಮ್ಲಜನಕದಿಂದಾಗಿ ಪೆಗ್ ನೀರನ್ನು ಒಪ್ಪಿಕೊಳ್ಳುತ್ತದೆ. ಪ್ರೋಟ್ಯಾಕ್‌ಗೆ ಬೇಕಾದದ್ದು ಇದರ ಎರಡು, ಮೂರು, ನಾಲ್ಕು ತುಣುಕು ಮಾತ್ರ. ಚಾಚಿದರೂ ಒಂದು ನ್ಯಾನೊಮೀಟರಿನ ಆಸುಪಾಸು; ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು.

ಬಾವಿಯ ಹಗ್ಗ ಗಿಡ್ಡವಾದರೆ ಕೊಡ ನೀರು ಮುಟ್ಟುವುದಿಲ್ಲ. ಕೊಂಡಿ ಗಿಡ್ಡವಾದರೆ ಎರಡು ಪ್ರೋಟೀನುಗಳ ಮೈ ಒಂದಕ್ಕೊಂದು ತಾಗಿ, ಒಂದು ತುದಿ ಹಿಡಿದಾಗ ಇನ್ನೊಂದು ಕೈ ಚಾಚಲಾಗುವುದಿಲ್ಲ. ರಕ್ತದ ಕ್ಯಾನ್ಸರುಗಳಲ್ಲಿ ಮುಖ್ಯವಾದ ಬಿಟಿಕೆ ಎಂಬ ಪ್ರೋಟೀನಿನ ಮೇಲೆ ತುದಿಗಳನ್ನು ಹಾಗೆಯೇ ಇಟ್ಟು, ಕೊಂಡಿಯನ್ನು ಹಂತಹಂತವಾಗಿ ಉದ್ದ ಮಾಡುತ್ತ ಹೋದ ಪ್ರಯೋಗವೊಂದರ ವಿವರ 2018ರಲ್ಲಿ ಪ್ರಕಟವಾಯಿತು. ಗಿಡ್ಡ ಕೊಂಡಿಯ ಅಣುಗಳು ಬಿಟಿಕೆಯನ್ನು ಸರಿಯಾಗಿ ಒಡೆಯಲಿಲ್ಲ, ಮೈಗೆ ಮೈ ತಾಗುವ ತೊಂದರೆ ಕಳೆಯುವಷ್ಟು ಉದ್ದವಾದ ಮೇಲೆ ಕೆಲಸ ಚೆನ್ನಾಗಿ ನಡೆಯಿತು. ಆದರೆ ಉದ್ದದ ಈ ಲೆಕ್ಕವನ್ನು ಬೇರೆ ಪ್ರೋಟೀನಿಗೆ ಹಾಗೇ ಒಯ್ಯಲು ಬರುವುದಿಲ್ಲ. ಪ್ರತಿ ಬೇಟೆಗೂ ಅಳತೆ ಹೊಸದಾಗಿ ತೆಗೆಯಬೇಕು.

ಉದ್ದದಷ್ಟೇ ಮುಖ್ಯವಾದದ್ದು ಕಟ್ಟುವ ಜಾಗ. ಕೀಲಿಕೈಗೆ ದಾರ ಕಟ್ಟುವಾಗ ಹಿಡಿಯ ತೂತಿಗೆ ಕಟ್ಟುತ್ತೇವೆ. ಹಲ್ಲಿಗೆ ಕಟ್ಟಿದರೆ ಬೀಗದೊಳಗೆ ಹೋಗುವುದೇ ಇಲ್ಲ. ತುದಿಯ ಅಣು ಪ್ರೋಟೀನಿನ ಸಂದಿಯಲ್ಲಿ ಕೂತಾಗ ಅದರ ಯಾವ ಭಾಗ ಹೊರಗೆ ಇಣುಕುತ್ತದೆಯೋ ಆ ಭಾಗಕ್ಕೇ ಕೊಂಡಿ ಹಾಕಬೇಕು. ಅದು ಯಾವ ದಿಕ್ಕಿಗೆ ಹೊರಡುತ್ತದೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಗುರುತು ಅಂಟುವುದು ಸಾಮಾನ್ಯವಾಗಿ ಬೇಟೆಯ ಮೈಮೇಲಿನ ಲೈಸಿನ್ ಎಂಬ ಅಮೈನೊ ಆಮ್ಲಕ್ಕೆ. ಬೇಟೆ ತಪ್ಪು ಬದಿ ತಿರುಗಿ ಕೂತರೆ ಗುರುತಿನ ಕೈಗೆ ಲೈಸಿನ್ ಎಟುಕುವುದಿಲ್ಲ.

ಯೇಲ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಕೆಲಸ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಫೊರೆಟಿನಿಬ್ ಎಂಬ ಔಷಧಿ ಹತ್ತಾರು ಪ್ರೋಟೀನುಗಳಿಗೆ ಅಂಟುವ, ಆಯ್ಕೆ ಗೊತ್ತಿಲ್ಲದ ಅಣು. ಅದನ್ನೇ ಒಂದು ತುದಿಯಾಗಿ, ವಿಎಚ್‌ಎಲ್ ಹಿಡಿಯುವ ತುಣುಕನ್ನು ಇನ್ನೊಂದು ತುದಿಯಾಗಿ ಇಟ್ಟು, ಕೊಂಡಿಯ ಉದ್ದವನ್ನೂ ಕಟ್ಟುವ ಜಾಗವನ್ನೂ ಬದಲಿಸಿದರು. ಒಂದು ಅಣು ಪಿ38 ಕುಟುಂಬದ ಆಲ್ಫಾ ಎಂಬ ಪ್ರೋಟೀನನ್ನು ಒಡೆಯಿತು, ಇನ್ನೊಂದು ಅದೇ ಕುಟುಂಬದ ಡೆಲ್ಟಾವನ್ನು. ಹಿಡಿಯುವ ಕೈಗಳು ಎರಡರಲ್ಲೂ ಒಂದೇ. ಯಾರು ಉಳಿಯಬೇಕು, ಯಾರು ಹೋಗಬೇಕು ಎಂದು ನಿರ್ಧರಿಸಿದ್ದು ನಡುವಿನ ಕೊಂಡಿ. ಬರಿಯ ದಾರ ಎಂಬ ಕಲ್ಪನೆ ಇಂಥ ಪ್ರಯೋಗಗಳ ಮುಂದೆ ನಿಲ್ಲಲಿಲ್ಲ.

ಬಳುಕುವುದರಿಂದ ಲಾಭ, ಬಳುಕುವುದರಿಂದ ನಷ್ಟ

ಮೊದಲಿಗೆ ಬಳುಕುವ ಕೊಂಡಿಯನ್ನೇ ಏಕೆ ಆರಿಸುತ್ತಾರೆ? ಎರಡು ಪ್ರೋಟೀನುಗಳು ಹೇಗೆ ಎದುರುಬದುರಾಗಿ ಕೂರುತ್ತವೆ ಎಂದು ಆರಂಭದಲ್ಲಿ ಯಾರಿಗೂ ತಿಳಿದಿರುವುದಿಲ್ಲ. ಸಹಜವಾಗಿ ಈ ಎರಡು ಪ್ರೋಟೀನುಗಳು ಎಂದೂ ಭೇಟಿಯಾದವಲ್ಲ. ಬಳುಕುವ ಕೊಂಡಿ ಕೊಟ್ಟರೆ ಅವು ತಮಗೆ ಒಗ್ಗುವ ಭಂಗಿಯನ್ನು ತಾವೇ ಹುಡುಕಿಕೊಳ್ಳುತ್ತವೆ. ಇದು ದೊಡ್ಡ ಅನುಕೂಲ.

ಇದರ ಬೆಲೆಯೂ ಉಂಟು. ಇಂಗಾಲ–ಇಂಗಾಲದ ಒಂಟಿ ಬಂಧ ತಿರುಗಬಲ್ಲದು. ತಿರುಗುವಾಗ ನಿಲ್ಲಲು ಇಷ್ಟಪಡುವ ಸ್ಥಾನಗಳು ಸುಮಾರು ಮೂರು. ಇಂಥ 10 ಬಂಧಗಳ ಕೊಂಡಿಗೆ ಮೂರನ್ನು ಹತ್ತು ಸಲ ಗುಣಿಸಿದಷ್ಟು, ಅಂದರೆ 59,049 ಆಕಾರಗಳು ಲೆಕ್ಕಕ್ಕೆ ಸಿಗುತ್ತವೆ. ತನ್ನ ಮೈಗೆ ತಾನೇ ಅಡ್ಡ ಬರುವ ಆಕಾರಗಳನ್ನು ಬಿಟ್ಟರೂ ಉಳಿಯುವುದು ಬಹಳ. ಎರಡು ಪ್ರೋಟೀನುಗಳನ್ನು ಸರಿಯಾಗಿ ಕೂರಿಸುವುದು ಇವುಗಳಲ್ಲಿ ಬೆರಳೆಣಿಕೆಯಷ್ಟು. ಉದ್ದದ ಹಗ್ಗ ಹಾಕಿ ಎರಡು ಎತ್ತುಗಳನ್ನು ಜೋಡಿಸಿದರೆ ಅವು ಹೊಲದ ತುಂಬ ಅಡ್ಡಾಡಿಯಾವು, ಸಾಲು ಹಿಡಿದು ನಡೆಯಲಾರವು. ಅದಕ್ಕೆ ನೊಗ ಬೇಕು. ಕುಣಿಯುತ್ತಿದ್ದ ಕೊಂಡಿಯನ್ನು ಒಂದೇ ಆಕಾರದಲ್ಲಿ ನಿಲ್ಲಿಸಲು ತೆರಬೇಕಾದ ಶಕ್ತಿಯ ಲೆಕ್ಕಕ್ಕೆ ವಿಜ್ಞಾನದಲ್ಲಿ ಎಂಟ್ರೊಪಿಯ ನಷ್ಟ ಎನ್ನುತ್ತಾರೆ.

ಈ ವಿಷಯದಲ್ಲಿ ನನಗೆ ಅತ್ಯಂತ ಅಚ್ಚುಮೆಚ್ಚಿನದು ಎಂಝಡ್1 ಎಂಬ ಅಣುವಿನ ಕಥೆ. ಸ್ಕಾಟ್ಲೆಂಡಿನ ಡಂಡಿ ವಿಶ್ವವಿದ್ಯಾಲಯದಲ್ಲಿ ಅಲೆಸ್ಸಿಯೊ ಚುಲ್ಲಿ ಅವರ ತಂಡ 2015ರಲ್ಲಿ ಇದನ್ನು ಪ್ರಕಟಿಸಿತು. ಒಂದು ತುದಿ ಜೆಕ್ಯೂ1. ಅದು ಬಿಆರ್‌ಡಿ2, ಬಿಆರ್‌ಡಿ3, ಬಿಆರ್‌ಡಿ4 ಎಂಬ ಮೂರು ಸೋದರ ಪ್ರೋಟೀನುಗಳಿಗೂ ಹೆಚ್ಚುಕಡಿಮೆ ಒಂದೇ ರೀತಿ ಅಂಟುತ್ತದೆ. ಇನ್ನೊಂದು ತುದಿ ವಿಎಚ್‌ಎಲ್‌ಗೆ. ನಡುವೆ ಮೂರು ತುಣುಕಿನ ಪೆಗ್. ಆದರೆ ಜೀವಕೋಶದಲ್ಲಿ ಅದು ಹೆಚ್ಚು ಒಡೆದದ್ದು ಬಿಆರ್‌ಡಿ4 ಅನ್ನು. ಮೂವರನ್ನೂ ಸಮನಾಗಿ ಹಿಡಿಯುವ ಕೈಗೆ ಈ ಪಕ್ಷಪಾತ ಎಲ್ಲಿಂದ ಬಂತು?

ಉತ್ತರ ಸಿಕ್ಕಿದ್ದು 2017ರಲ್ಲಿ, ಎರಡು ಪ್ರೋಟೀನು ಮತ್ತು ಎಂಝಡ್1 ಒಟ್ಟಿಗಿರುವ ಹರಳು ಬೆಳೆಸಿ, ಎಕ್ಸ್‌ರೇ ಹಾಯಿಸಿ ಅದರ ರಚನೆ ಕಂಡಾಗ. ಕೊಂಡಿ ದಾರದಂತೆ ನೆಟ್ಟಗೆ ಚಾಚಿರಲಿಲ್ಲ, ಮಡಚಿಕೊಂಡಿತ್ತು. ಹಾಗೆ ಮಡಚಿ ಎರಡು ಪ್ರೋಟೀನುಗಳನ್ನು ಎಷ್ಟು ಹತ್ತಿರ ತಂದಿತ್ತೆಂದರೆ ಅವು ಒಂದನ್ನೊಂದು ನೇರವಾಗಿ ಮುಟ್ಟಿ ಹಿಡಿದುಕೊಂಡಿದ್ದವು. ಆ ಮುಟ್ಟುವ ಜಾಗದ ಅಮೈನೊ ಆಮ್ಲಗಳು ಸೋದರರಲ್ಲಿ ಒಂದೇ ರೀತಿ ಇಲ್ಲ. ಬಿಆರ್‌ಡಿ4 ವಿಎಚ್‌ಎಲ್ ಜೊತೆ ಚೆನ್ನಾಗಿ ಹೊಂದಿಕೊಂಡಿತು, ಉಳಿದವು ಅಷ್ಟು ಹೊಂದಲಿಲ್ಲ. ಬೇಟೆ, ಇ3, ಪ್ರೋಟ್ಯಾಕ್ ಮೂರೂ ಸೇರಿದಾಗ ಬಿಗಿ ಹೆಚ್ಚುವ ಈ ಗುಣಕ್ಕೆ ‘ಕೋಆಪರೇಟಿವಿಟಿ’ ಎಂದು ಹೆಸರು. ಪರಸ್ಪರ ಕೈಗೂಡಿಸುವುದು ಎನ್ನಬಹುದು.

ರಚನೆ ಕಂಡ ಮೇಲೆ ಮುಂದಿನ ಯೋಚನೆ ತಾನಾಗಿ ಬರುತ್ತದೆ: ಕೊಂಡಿ ಹೇಗೂ ಇದೇ ಆಕಾರಕ್ಕೆ ಬರಬೇಕಾದರೆ, ಮೊದಲೇ ಆ ಆಕಾರದಲ್ಲಿ ಕಟ್ಟಿದರೇನು? ಅದೇ ತಂಡ 2020ರಲ್ಲಿ ಎಂಝಡ್1ಗೆ ಎರಡನೆಯ ಕೊಂಡಿ ಹಾಕಿ ಇಡೀ ಅಣುವನ್ನು ದೊಡ್ಡ ಬಳೆಯಂತೆ ಮುಚ್ಚಿತು. ಹಾಗೆ ಮಾಡಿದ್ದಕ್ಕೆ ಬಿಆರ್‌ಡಿ4 ಒಂದನ್ನೇ ಹಿಡಿಯುವ ಬಿಗಿ 12 ಪಟ್ಟು ಕುಂದಿತು. ಆದರೂ ಜೀವಕೋಶದಲ್ಲಿ ಕೆಲಸ ಎಂಝಡ್1ಗೆ ಸಮನಾಗಿಯೇ ನಡೆಯಿತು. ಒಂದು ಕೈಯ ಬಲ ಕಳೆದುಹೋದದ್ದನ್ನು ಗಟ್ಟಿ ಕೊಂಡಿಯೊಂದೇ ತುಂಬಿಕೊಟ್ಟಿತೆಂದರೆ, ಕೊಂಡಿಯ ತೂಕ ಎಷ್ಟೆಂದು ತಿಳಿಯುತ್ತದೆ.

ಪೊರೆ ದಾಟುವ ಪಾಡು

ಬಾಯಿಂದ ತೆಗೆದುಕೊಳ್ಳುವ ಔಷಧಿ ಕರುಳಿನ ಗೋಡೆಯನ್ನೂ ಜೀವಕೋಶದ ಪೊರೆಯನ್ನೂ ದಾಟಬೇಕು. ಅದಕ್ಕೆ ಅಣುತೂಕ 500ರೊಳಗಿದ್ದರೆ ಅನುಕೂಲ ಎಂಬುದು ಕ್ರಿಸ್ಟೊಫರ್ ಲಿಪಿನ್‌ಸ್ಕಿ 1997ರಲ್ಲಿ ಮುಂದಿಟ್ಟ ನಿಯಮಗಳಲ್ಲಿ ಒಂದು. ತಿರುಗಬಲ್ಲ ಬಂಧಗಳು ಹತ್ತನ್ನು ಮೀರದಿದ್ದರೆ ಒಳ್ಳೆಯದು ಎಂಬ ಇನ್ನೊಂದು ಲೆಕ್ಕ 2002ರಲ್ಲಿ ಬಂತು. ಎರಡು ಔಷಧಿಗಳನ್ನು ಒಂದು ದಾರಕ್ಕೆ ಪೋಣಿಸಿದಂತಿರುವ ಪ್ರೋಟ್ಯಾಕ್ 700, 800, ಕೆಲವೊಮ್ಮೆ 1,000 ತೂಗುತ್ತದೆ. ಉದ್ದ ಪೆಗ್ ಹಾಕಿದರೆ ತಿರುಗುವ ಬಂಧಗಳೂ ಹತ್ತನ್ನು ಸುಲಭವಾಗಿ ದಾಟುತ್ತವೆ.

ಇಲ್ಲಿ ಬಳುಕುವ ಕೊಂಡಿ ಒಮ್ಮೊಮ್ಮೆ ಸಹಾಯಕ್ಕೆ ಬರುತ್ತದೆ. ಪೊರೆಯ ಒಳಭಾಗ ಎಣ್ಣೆಯಂಥದು. ಅಲ್ಲಿಗೆ ಬಂದಾಗ ಕೆಲವು ಪ್ರೋಟ್ಯಾಕ್‌ಗಳು ಕೊಂಡಿಯ ಬಳಿ ಮಡಚಿಕೊಂಡು, ನೀರನ್ನು ಇಷ್ಟಪಡುವ ತಮ್ಮ ಭಾಗಗಳನ್ನು ಒಳಕ್ಕೆ ಅಡಗಿಸಿಕೊಳ್ಳುತ್ತವೆ. ನೀರಿಗೆ ಬಂದ ಮೇಲೆ ಬಿಚ್ಚಿಕೊಳ್ಳುತ್ತವೆ. ಸುತ್ತಲಿನ ಬಣ್ಣಕ್ಕೆ ತಕ್ಕಂತೆ ಬದಲಾಗುವ ಗೋಸುಂಬೆಯ ಹೆಸರನ್ನೇ ಈ ಗುಣಕ್ಕೆ ಇಟ್ಟಿದ್ದಾರೆ. ಬಳುಕದ ಕೊಂಡಿಗೆ ಹೀಗೆ ಮಡಚಿಕೊಳ್ಳಲು ಬರುವುದಿಲ್ಲ.

ಆಮೇಲೆ ಯಕೃತ್ತು. ಅಲ್ಲಿನ ಕಿಣ್ವಗಳಿಗೆ ತೆರೆದುಕೊಂಡಿರುವ ಉದ್ದ ಸರಪಳಿ ಸುಲಭದ ತುತ್ತು. ಆಮ್ಲಜನಕದ ಪಕ್ಕದ ಇಂಗಾಲವನ್ನು ಅವು ಉತ್ಕರ್ಷಿಸಿದರೆ ಕೊಂಡಿ ತುಂಡಾಗುತ್ತದೆ. ತುಂಡಾದ ಪ್ರೋಟ್ಯಾಕ್ ಕೇವಲ ಕೆಲಸ ಮಾಡದ ಅಣುವಲ್ಲ. ಬೇಟೆಗೂ ಇ3ಗೂ ಬೇರೆ ಬೇರೆಯಾಗಿ ಅಂಟಿಕೊಂಡು ಒಳ್ಳೆಯ ಅಣುಗಳಿಗೆ ಜಾಗ ಸಿಗದಂತೆ ಮಾಡಬಹುದು. ಇದಕ್ಕಾಗಿಯೇ ಔಷಧಿಯ ಹಂತಕ್ಕೆ ಬರುವಾಗ ಸರಪಳಿಯ ಬದಲು ಆರು ಪರಮಾಣುಗಳ ಉಂಗುರಗಳನ್ನು ಹಾಕುವುದು ರೂಢಿಯಾಯಿತು. ಸಾರಜನಕವಿರುವ ಪೈಪೆರಿಡಿನ್, ಪೈಪೆರಜಿನ್ ಎಂಬ ಉಂಗುರಗಳು ಇದಕ್ಕೆ ಹೆಚ್ಚು ಒಗ್ಗುತ್ತವೆ. ಉಂಗುರದೊಳಗಿನ ಬಂಧಗಳು ಸರಪಳಿಯಲ್ಲಿರುವಂತೆ ಸ್ವತಂತ್ರವಾಗಿ ತಿರುಗಲಾರವು, ಸಾರಜನಕ ಪ್ರೋಟಾನ್ ಹಿಡಿದುಕೊಂಡು ನೀರಿನಲ್ಲಿ ಕರಗಲು ನೆರವಾಗುತ್ತದೆ.

ಪ್ರಯೋಗಾಲಯದಲ್ಲಿ ಇದನ್ನು ಮಾಡುವುದು ಹೇಗೆ

ಸರಿಯಾದ ಕೊಂಡಿಯನ್ನು ಮೊದಲೇ ಹೇಳಿಬಿಡುವ ಸೂತ್ರ ಇನ್ನೂ ಇಲ್ಲ. ಕಂಪ್ಯೂಟರ್ ಲೆಕ್ಕಾಚಾರ ದಾರಿ ತೋರಿಸುತ್ತದೆ, ಆದರೆ ಕೊನೆಗೆ ಮಾಡಿಯೇ ನೋಡಬೇಕು. ರಸಾಯನಶಾಸ್ತ್ರಜ್ಞರು ತುದಿಗಳನ್ನು ಹಾಗೆಯೇ ಇಟ್ಟು, ನಡುವೆ ಎರಡು ಇಂಗಾಲ, ನಾಲ್ಕು, ಆರು, ಎಂಟು; ಪೆಗ್‌ನ ಒಂದು ತುಣುಕು, ಎರಡು, ಮೂರು ಎಂದು ಸಾಲಾಗಿ ಅಣುಗಳನ್ನು ಕಟ್ಟುತ್ತಾರೆ. ಕೊಂಡಿಯ ಒಂದು ತುದಿಯಲ್ಲಿ ಸಾರಜನಕವಿರುವ ಅಮೈನ್ ಗುಂಪು, ಇನ್ನೊಂದರಲ್ಲಿ ಅದಕ್ಕೆ ಅಂಟಬಲ್ಲ ಆಮ್ಲ ಇರುವುದು ಸಾಮಾನ್ಯ. ಎರಡೂ ಒಟ್ಟಿಗೆ ತೆರೆದಿದ್ದರೆ ಕೊಂಡಿ ಕೊಂಡಿಗೇ ಅಂಟಿಕೊಂಡೀತು. ಹಾಗಾಗಿ ಅಮೈನ್ ಮೇಲೆ ‘ಬಾಕ್’ ಎಂಬ ಮುಚ್ಚಳ ಹಾಕಿ, ಆಮ್ಲದ ಕಡೆಯನ್ನು ಮೊದಲು ಜೋಡಿಸಿ, ಮುಚ್ಚಳ ತೆಗೆದು ಆಮೇಲೆ ಇನ್ನೊಂದು ಕಡೆ ಜೋಡಿಸುತ್ತಾರೆ. 2022ರ ನೊಬೆಲ್ ಪಡೆದ ಕ್ಲಿಕ್ ರಸಾಯನಶಾಸ್ತ್ರವೂ ಬಹಳ ಬಳಕೆಯಲ್ಲಿದೆ: ಒಂದು ಬದಿ ಅಜೈಡ್, ಇನ್ನೊಂದು ಬದಿ ಆಲ್ಕೈನ್ ಇಟ್ಟರೆ ಎರಡೂ ಟಿಚ್ ಗುಂಡಿಯಂತೆ ಕೂಡಿಕೊಳ್ಳುತ್ತವೆ. ಕೂಡಿದ ಜಾಗದಲ್ಲಿ ಉಳಿಯುವ ಟ್ರೈಅಜೋಲ್ ಉಂಗುರ ಕೊಂಡಿಯದೇ ಭಾಗವಾಗುತ್ತದೆ.

ಬೆಂಗಳೂರಿನ ಗುತ್ತಿಗೆ ಸಂಶೋಧನಾ ಕಂಪನಿಗಳಲ್ಲೂ ಈ ಜೋಡಣೆಯ ಕೆಲಸ ನಡೆಯುತ್ತದೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಕೆಮಿಸ್ಟ್ರಿ ಎಂ.ಎಸ್‌ಸಿ. ಮಾಡುತ್ತಿರುವವರಿಗೆ ‘ಲಿಂಕರ್’ ಎಂಬ ಪದ ಪುಸ್ತಕಕ್ಕಿಂತ ಮೊದಲು ಕೆಲಸದ ಮೇಜಿನಲ್ಲಿ ಎದುರಾದರೆ ಆಶ್ಚರ್ಯವಿಲ್ಲ.

ಬೆಳಕು ಬಿದ್ದಾಗ ಆಕಾರ ಬದಲಿಸುವ ಅಜೊಬೆಂಜೀನ್ ಎಂಬ ತುಣುಕನ್ನು ಕೊಂಡಿಯಲ್ಲಿ ಇಟ್ಟು, ಒಂದು ಬಣ್ಣದ ಬೆಳಕಿಗೆ ಕೆಲಸ ಶುರು, ಇನ್ನೊಂದಕ್ಕೆ ಬಂದ್ ಆಗುವ ಪ್ರೋಟ್ಯಾಕ್‌ಗಳನ್ನೂ ಮಾಡಿದ್ದಾರೆ. ಅದು ಇನ್ನೂ ಪ್ರಯೋಗಾಲಯದ ಸಾಧನ.

ಮಾತ್ರೆಯೊಳಗಿನ ಕೊಂಡಿ

ಮೊದಲು ಹೇಳಿದ ವೆಪ್‌ಡೆಜೆಸ್ಟ್ರಾಂಟ್‌ಗೆ ಮರಳಿದರೆ, ಅದರ ಒಂದು ತುದಿ ಸ್ತನ ಕ್ಯಾನ್ಸರನ್ನು ಬೆಳೆಸುವ ಈಸ್ಟ್ರೋಜನ್ ರಿಸೆಪ್ಟರನ್ನು ಹಿಡಿಯುತ್ತದೆ. ಇನ್ನೊಂದು ತುದಿ ಥಾಲಿಡೋಮೈಡ್ ಕುಟುಂಬದ್ದು, ಸೆರೆಬ್ಲಾನ್‌ಗೆ ಅಂಟುತ್ತದೆ. ಒಟ್ಟು ಅಣುತೂಕ ಸುಮಾರು 724. ನಡುವಿನ ಕೊಂಡಿಯಲ್ಲಿ ಪೆಗ್ ಇಲ್ಲ, ಉದ್ದನೆಯ ಇಂಗಾಲದ ಸಾಲೂ ಇಲ್ಲ. ಒಂದು ಪೈಪೆರಿಡಿನ್ ಉಂಗುರ, ಒಂದು ಪೈಪೆರಜಿನ್ ಉಂಗುರ. ಮೊದಲ ಪ್ರೋಟ್ಯಾಕ್ ಕಟ್ಟಿದವರಲ್ಲೊಬ್ಬರಾದ ಕ್ರೂಸ್ ಸ್ಥಾಪಿಸಿದ, ಈ ಮಾತ್ರೆಯನ್ನೂ ರೂಪಿಸಿದ ಕಂಪನಿಯ ಇನ್ನೊಂದು ಮಾತ್ರೆ, ಪ್ರಾಸ್ಟೇಟ್ ಕ್ಯಾನ್ಸರಿಗೆಂದು 2019ರಲ್ಲಿ ಪರೀಕ್ಷೆಗಾಗಿ ರೋಗಿಗಳನ್ನು ತಲುಪಿದ ಬವ್‌ಡೆಗಲುಟಮೈಡ್‌ನಲ್ಲೂ ಇದೇ ಜೋಡಿ ಉಂಗುರಗಳಿವೆ. 2001ರಿಂದ ಬಳುಕುತ್ತ ಬಂದ ದಾರದಲ್ಲಿ ಈ ಮಾತ್ರೆಗಳಿಗೆ ಉಳಿದದ್ದು ಎರಡು ಉಂಗುರಗಳ ನಡುವಿನ ಒಂದೇ ಒಂದು ಇಂಗಾಲ. ಬಾಗಿಲಿನ ಕೀಲಿನಂತೆ ತಿರುಗಿ, ಎರಡು ಪ್ರೋಟೀನುಗಳನ್ನು ಎದುರುಬದುರು ತರುವುದು ಅದೇ.